ಎಷ್ಟು ಬೇಸ್ ಅಂತ ಕೇಳಬೇಡಿ, ಪೆಟ್ಟಿಗೆ ಯಾರು ಮಾಡಿದ್ದು ಅಂತ ಕೇಳಿ

ಕೆಲವು ತಿಂಗಳ ಹಿಂದೆ ಬಿಡಕಿನ್ ಶಾಖೆಯಲ್ಲಿ ಒಬ್ಬ ಹುಡುಗ ನನ್ನ ಮೇಜಿನ ಮೇಲೆ ಒಂದು ಕೊಟೇಶನ್ ತಂದಿಟ್ಟ. ಇಪ್ಪತ್ಮೂರು ವರ್ಷ ಇರಬಹುದು. ಮನೆಯಲ್ಲಿ ಒಂದು ಬೊಲೆರೊ ಪಿಕಪ್ ಇದೆ, ಅದರ ಸಾಲ ನಮ್ಮಲ್ಲೇ, ಒಂದು ಕಂತೂ ತಪ್ಪಿಸಿಲ್ಲ. ಹತ್ತಿ, ಮೋಸಂಬಿ, ಬಾಡಿಗೆ ಸಾಮಾನು ಸಾಗಿಸ್ತಾನೆ. ಈಗ ಅದರ ಮೇಲೆ ಡಿಜೆ ಕಟ್ಟಬೇಕಂತೆ.

"ಸಾಹೇಬ್, ನಾಲ್ಕು ಬೇಸ್ ನಾಲ್ಕು ಟಾಪ್. ತರುಣ್‌ನಲ್ಲಿ ಕೂರಿಸಿಬಿಡಿ."

ಗೊತ್ತಿಲ್ಲದವರಿಗೆ ಹೇಳ್ತೀನಿ. ತರುಣ್ ಅಂದರೆ ಮುದ್ರಾ ಸಾಲದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ವರ್ಗ. ಅದಕ್ಕಿಂತ ಕೆಳಗೆ ಕಿಶೋರ್, 50 ಸಾವಿರದಿಂದ 5 ಲಕ್ಷ. ಇನ್ನು 'ನಾಲ್ಕು ಬೇಸ್ ನಾಲ್ಕು ಟಾಪ್' ಅನ್ನೋದು ಮರಾಠವಾಡಾದಲ್ಲಿ ಡಿಜೆ ಬುಕ್ ಮಾಡುವ ಭಾಷೆ. ಮದುವೆ ಮನೆಯವರು ಹಾಡು ಯಾವುದು ಅಂತ ಕೇಳಲ್ಲ, ಎಷ್ಟು ಬೇಸ್ ಅಂತ ಕೇಳ್ತಾರೆ. ಇವನ ಕೊಟೇಶನ್‌ನಲ್ಲಿದ್ದ ಒಂದೊಂದು ಬೇಸ್ ಪೆಟ್ಟಿಗೆಯಲ್ಲೂ 18 ಇಂಚಿನ ಎರಡೆರಡು ಸಬ್‌ವೂಫರ್. ಒಟ್ಟು ಎಂಟು.

ನಾನು ಬಿಕಾಂ ಓದಿದವನು, ಇಂಜಿನಿಯರ್ ಅಲ್ಲ. ಆದರೆ ಸ್ಪೀಕರ್ ಹುಚ್ಚು ಚಿಕ್ಕಂದಿನದು. ನಮ್ಮ ಭಾಲ್ಕಿ ಕಡೆ ಆಗ ಹಳೆ ರೇಡಿಯೋದ ಸ್ಪೀಕರ್ ಬಿಚ್ಚಿ ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸ್ತಿದ್ದೆವು. ಬರೀ ಕೈಯಲ್ಲಿ ಹಿಡಿದರೆ ಜೀರುಂಡೆ ಹಾಗೆ ಕಿರಿಗುಟ್ಟುವ ಸ್ಪೀಕರ್, ಗಡಿಗೆಗೆ ಕೂತ ಕೂಡಲೇ ಡೋಲು ಬಾರಿಸಿದ ಹಾಗೆ ಗುಂ ಅನ್ನೋದು. ಯಾಕೆ ಅಂತ ಆಗ ಯಾರೂ ಹೇಳಿಕೊಡಲಿಲ್ಲ. ಕಾರಣ ಸುಲಭ. ಸ್ಪೀಕರಿನ ಕಾಗದ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ತಗ್ಗಿನ ಸ್ವರದಲ್ಲಿ ಈ ಎರಡೂ ಅಂಚಿನ ಸುತ್ತ ಹರಿದು ಒಂದನ್ನೊಂದು ಅಳಿಸಿಹಾಕುತ್ತವೆ. ಜಮಾ ಖರ್ಚು ಸರಿಸಮ, ಬಾಕಿ ಸೊನ್ನೆ! ಗಡಿಗೆ ಮಾಡುತ್ತಿದ್ದದ್ದು ಹಿಂದಿನ ಗಾಳಿಯನ್ನು ಒಳಗೇ ಹಿಡಿದಿಡುವ ಕೆಲಸ. ಇವತ್ತಿನ ಡಿಜೆ ಪೆಟ್ಟಿಗೆ ಮಾಡೋದೂ ಮೂಲತಃ ಅದನ್ನೇ.

ಹಾಗಾಗಿ ಕೊಟೇಶನ್ ಓದುವಾಗ ನನ್ನ ಕಣ್ಣು ಮೊದಲು ಹೋಗಿದ್ದು ಪೆಟ್ಟಿಗೆಯ ಸಾಲಿಗೆ. ಎಂಟು ಸ್ಪೀಕರಿಗೆ, ಆಂಪ್ಲಿಫೈಯರಿಗೆ, ಲೈಟಿಗೆ, ಜನರೇಟರಿಗೆ ಬೇರೆ ಬೇರೆ ಸಾಲು. ಪೆಟ್ಟಿಗೆಗೆ ಮಾತ್ರ ಕೊನೆಯಲ್ಲಿ 'ಬಾಕ್ಸ್ ಮತ್ತು ಫಿಟ್ಟಿಂಗ್' ಅಂತ ಒಂದು ಮೊತ್ತ. ಅಳತೆ ಇಲ್ಲ, ಮರ ಯಾವುದು ಅಂತ ಇಲ್ಲ. ಮನೆ ಸಾಲಕ್ಕೆ ಬಂದವನು ಟೈಲ್ಸು, ನಲ್ಲಿ, ಫ್ಯಾನಿನ ಲೆಕ್ಕ ಕೊಟ್ಟು 'ಗೋಡೆ ವಗೈರೆ' ಅಂತ ಒಂದು ಸಾಲು ಬರೆದರೆ ನಾನು ಸಹಿ ಹಾಕ್ತೀನಾ?

ಇನ್ನು ವ್ಯಾಟ್. ಹಿಂದೆ ಕ್ಯಾಸೆಟ್ ಪ್ಲೇಯರ್‌ಗಳ ಮೇಲೆ ಪಿಎಂಪಿಓ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರ್ತಿದ್ದರಲ್ಲ, ನೆನಪಿದೆಯಾ? ಆ ರೋಗ ಇನ್ನೂ ಹೋಗಿಲ್ಲ. ಸ್ಪೀಕರ್ ನಿಜಕ್ಕೂ ತಾಸುಗಟ್ಟಲೆ ತಡೆದುಕೊಳ್ಳುವುದು ಆರ್‌ಎಂಎಸ್ ವ್ಯಾಟ್. ಸಾಮಾನ್ಯವಾಗಿ ಅದರ ನಾಲ್ಕು ಪಟ್ಟನ್ನು ಪೀಕ್ ಅಂತ ಬರೀತಾರೆ. ಕೊಟೇಶನ್‌ನಲ್ಲಿ 2400 ಅಂತಿದ್ದದ್ದು ಕೆದಕಿ ಕೇಳಿದಾಗ 600 ಆಯಿತು. ಎಂಟಕ್ಕೆ 4800. ಇಷ್ಟನ್ನು ಪಿಕಪ್ಪಿನ 12 ವೋಲ್ಟ್ ಬ್ಯಾಟರಿಯಿಂದ ತೆಗೆಯೋಣ ಅಂದರೆ 400 ಆಂಪಿಯರ್ ಬೇಕು, ಆ ಗಾಡಿಯ ಡೈನಮೊ ಅದರ ಹತ್ತಿರಕ್ಕೂ ಹೋಗಲ್ಲ. ಅದಕ್ಕೇ ಜನರೇಟರ್. ಜನರೇಟರಿಗೆ ಡೀಸೆಲ್, ಅದನ್ನು ನೋಡಿಕೊಳ್ಳಲು ಇನ್ನೊಬ್ಬ ಹುಡುಗ. ಇವನ ಕಾಗದದಲ್ಲಿ ಈ ಡೀಸೆಲ್ ಎಲ್ಲೂ ಇರಲಿಲ್ಲ.

ವ್ಯಾಟ್‌ಗಿಂತ ಮುಖ್ಯವಾಗಿ ನೋಡಬೇಕಾದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ ಒಳ್ಳೆಯ ತಯಾರಕರು ಕಾಗದದಲ್ಲಿ ಕೊಟ್ಟಿರ್ತಾರೆ. ಅದರಲ್ಲಿ 3 ಡೆಸಿಬಲ್ ಹೆಚ್ಚಿದ್ದರೆ ಆಂಪ್ಲಿಫೈಯರ್ ದುಪ್ಪಟ್ಟು ಮಾಡಿದಷ್ಟೇ ಲಾಭ, ಡೀಸೆಲ್ ಖರ್ಚಿಲ್ಲದೆ. ಅದೇ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಇನ್ನೂ ಕೆಲವು ಅಂಕಿಗಳಿರುತ್ತವೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಮುಂದುವರಿಸಿದ ಲೆಕ್ಕ ಅದು. ಈ ಸ್ಪೀಕರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು, ಮುಚ್ಚಿದ್ದೋ ಕಿಂಡಿ ಇರುವುದೋ ಅಂತ ಅದರಿಂದ ಗೊತ್ತಾಗುತ್ತದೆ. ಆ ಅಂಕಿಗಳೇ ಇಲ್ಲದ, ಬರೀ ದೊಡ್ಡ ಹೆಸರಿನ ಸ್ಟಿಕ್ಕರ್ ಅಂಟಿಸಿದ ಸ್ಪೀಕರ್ ಕೊಳ್ಳೋದು, ಪಹಣಿ ನೋಡದೆ ಹೊಲ ಕೊಂಡ ಹಾಗೆ.

ಮುಚ್ಚಿದ ಪೆಟ್ಟಿಗೆ ಚಿಕ್ಕದು, ಒಳಗಿನ ಗಾಳಿಯೇ ಸ್ಪ್ರಿಂಗ್, ಸ್ವರ ಬಿಗಿ. ಕಾರಿಗೆ, ಡಬಲ್ ಕ್ಯಾಬಿನ್ ಪಿಕಪ್ಪಿನ ಹಿಂದಿನ ಸೀಟಿಗೆ ಅದೇ ಸರಿ. ಬಯಲಿಗೆ ಕಿಂಡಿ ಪೆಟ್ಟಿಗೆಯೇ ಬೇಕು, ನಮ್ಮವರು ಪೋರ್ಟ್ ಅಂತಾರೆ. ಖಾಲಿ ಸೋಡಾ ಬಾಟ್ಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತಲ್ಲ, ಅದೇ ತತ್ವ. ಆ ಸ್ವರದಲ್ಲಿ ಸ್ಪೀಕರ್ ಹೆಚ್ಚು ಅಲ್ಲಾಡುವುದಿಲ್ಲ, ಕಿಂಡಿಯ ಗಾಳಿಯೇ ದುಡಿಯುತ್ತದೆ. ಆದರೆ ಆ ಸ್ವರಕ್ಕಿಂತ ಕೆಳಗೆ ಇಳಿದರೆ ಒಳಗಿನ ಗಾಳಿಯ ಹಿಡಿತ ತಪ್ಪಿ ಕಾಗದ ಲಗಾಮಿಲ್ಲದ ಕುದುರೆ. ಫಿಲ್ಟರ್ ಹಾಕಿ ಕೆಳಗಿನದನ್ನು ಕತ್ತರಿಸದಿದ್ದರೆ ಒಂದು ಮೆರವಣಿಗೆಯಲ್ಲಿ ಸ್ಪೀಕರ್ ಹರಿದು ಕೈಗೆ ಬರುತ್ತದೆ.

ಈಗ ನನ್ನದೇ ಪೆದ್ದುತನ ಒಂದು ಹೇಳಿಬಿಡ್ತೀನಿ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿಗೆ ಬಂದ ಹೊಸದರಲ್ಲಿ (ಆಗ ಊರು ಔರಂಗಾಬಾದ್) ಮನೆಗೆ ಅಂತ ದೊಡ್ಡದೊಂದು ಪೆಟ್ಟಿಗೆ ಮಾಡಿಸಿದೆ. ಬಡಿಗನಿಗೆ 60 ಸೆಂ.ಮೀ. ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ ಅಂದೆ. 216 ಲೀಟರ್ ಅಂತ ಹಿಗ್ಗಿದೆ. ಅವನು ಹೊರಗಿನ ಅಳತೆಗೆ ಮಾಡಿದ, ತಪ್ಪು ಅವನದಲ್ಲ. 18 ಮಿ.ಮೀ. ಹಲಗೆ ಎರಡೂ ಬದಿಗೆ ಕಳೆದರೆ ಒಳಗೆ ಉಳಿದದ್ದು 56.4 ಸೆಂ.ಮೀ., ಅಂದರೆ 179 ಲೀಟರ್. ಸ್ಪೀಕರಿನ ಮ್ಯಾಗ್ನೆಟ್, ಕಿಂಡಿಯ ಪೈಪು, ಒಳಗಿನ ಆಧಾರಪಟ್ಟಿ ನುಂಗಿದ್ದು ಕಳೆದರೆ 160ರ ಆಸುಪಾಸು. 40 ಹರ್ಟ್ಜ್‌ಗೆ ಅಂತ ಲೆಕ್ಕ ಹಾಕಿದ ಕಿಂಡಿ 46ಕ್ಕೆ ಹೋಗಿ ಕೂತಿತು. ಎಲ್ಲ ಹಾಡೂ ಒಂದೇ ಡಬ್ಬದಲ್ಲಿ ಬಡಿದ ಹಾಗೆ. ದಿನಾ ಗ್ರಾಸ್, ನೆಟ್ ಅಂತ ಲೆಕ್ಕ ಬರೆಯುವ ಬ್ಯಾಂಕಿನವನೇ ಇಲ್ಲಿ ಎಡವಿದೆ! ಸಾಲದ್ದಕ್ಕೆ ಎಂಡಿಎಫ್ ಹಲಗೆ. ಒಂದು ಮಳೆಗಾಲಕ್ಕೆ ಕೆಳಗಿನ ಅಂಚು ನೆನೆದ ರಸ್ಕಿನ ಹಾಗೆ ಉಬ್ಬಿತು.

ಪಿಕಪ್ಪಿಗಂತೂ ಎಂಡಿಎಫ್ ಬೇಡವೇ ಬೇಡ. ಗಣಪತಿ ಬರೋದೇ ಮಳೆಯಲ್ಲಿ. ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್, 18 ಮಿ.ಮೀ. ಅಂಟು ಮತ್ತು ಸ್ಕ್ರೂ ಎರಡೂ ಬೇಕು. ಎದುರು ಬದುರು ಹಲಗೆಗಳಿಗೆ ಒಳಗೆ ಅಡ್ಡಪಟ್ಟಿ ಕೊಟ್ಟು, ಗೆಣ್ಣಿನಿಂದ ಬಡಿದರೆ ಕಲ್ಲು ಬಡಿದ ಹಾಗೆ ಕೇಳಬೇಕು. ಸ್ಪೀಕರನ್ನು ಮರದ ಸ್ಕ್ರೂವಿನಲ್ಲಿ ಬಿಗಿದರೆ ಗಾಡಿಯ ಕುಲುಕಿಗೆ ಸಡಿಲವಾಗುತ್ತದೆ. ಹಲಗೆಯ ಹಿಂದಿನಿಂದ ಟಿ ನಟ್ ಕೂರಿಸಿ ಬೋಲ್ಟ್ ಹಾಕಬೇಕು. ಎಲ್ಲ ಮುಗಿದ ಮೇಲೆ ತಗ್ಗಿನ ಸ್ವರ ಒಂದನ್ನು ಹಾಕಿ ಪ್ರತಿ ಸಂದಿಯ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ನಡುಗಿದರೆ ಅಲ್ಲಿ ಗಾಳಿ ಸೋರುತ್ತಿದೆ. ಸಂದಿಗೆ ಸಿಲಿಕೋನ್ ತುಂಬಿ, ಮತ್ತೆ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಆದರೆ ಸಾಹೇಬ್, ಗಿರಾಕಿ ಪೆಟ್ಟಿಗೆ ಎಣಿಸ್ತಾನೆ, ಊದುಬತ್ತಿ ಹಿಡಿಯಲ್ಲ."

ಮಾತು ನಿಜ. ಅದಕ್ಕೆ ನನ್ನ ಬಳಿ ಜಾಣ ಉತ್ತರ ಇರಲಿಲ್ಲ. ಲೆಕ್ಕ ಮಾತ್ರ ಇತ್ತು. ಏಪ್ರಿಲ್ 14ರ ಜಯಂತಿ, ಬೇಸಿಗೆಯ ಮದುವೆಗಳು, ಗಣಪತಿ, ನವರಾತ್ರಿ. ಉಳಿದ ದಿನ ಸಾಮಾನು ತಗಡಿನ ಶೆಡ್ಡಿನಲ್ಲಿ, ಕಂತು ಮಾತ್ರ ಹನ್ನೆರಡು ತಿಂಗಳು. ಪೊಲೀಸರು ಒಂದು ಹಬ್ಬಕ್ಕೆ ಡಿಜೆ ಬೇಡ ಅಂದರೆ ಆ ವರ್ಷದ ಅರ್ಧ ದುಡಿಮೆ ಹೋಯಿತು. ಎಂಟು ಸ್ಪೀಕರಿನ ಗೋಡೆ ಕಟ್ಟಿ ಗಾಡಿಯ ಆಕಾರ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರಿಗೆ ನಿಲ್ಲುತ್ತದೆ, ಆಮೇಲೆ ವಿಮೆಯವರು ತಕರಾರು ತೆಗೆದರೆ ಯಾರನ್ನು ಕೇಳೋದು? ಎತ್ತರದ ಗೋಡೆಗೆ ತಂತಿಯ ಭಯವೂ ಇದೆ. 2024ರ ಆಗಸ್ಟಿನಲ್ಲಿ ಬಿಹಾರದ ಹಾಜಿಪುರದ ಹತ್ತಿರ ಕಾವಡಿ ಯಾತ್ರಿಗಳ ಡಿಜೆ ಗಾಡಿ ಹೈಟೆನ್ಷನ್ ತಂತಿಗೆ ತಗುಲಿ ಹಲವರು ಸತ್ತರು.

ಆದರೆ ನನ್ನನ್ನು ಕಾಡಿದ್ದು ಇದ್ಯಾವುದೂ ಅಲ್ಲ. ಮಾತಾಡುತ್ತಾ ಇರುವಾಗ ಅವನಿಗೆ ಎರಡು ಸಲ ಫೋನ್ ಬಂತು. ಎರಡು ಸಲವೂ ಎಡಗೈಯಲ್ಲಿದ್ದ ಫೋನನ್ನು ಬಲಗೈಗೆ ಬದಲಿಸಿ ಬಲಗಿವಿಗೆ ಹಿಡಿದ. ಕೇಳಿದೆ. ಎರಡು ಸೀಸನ್ ಬೇರೆಯವರ ಡಿಜೆ ಗಾಡಿಯ ಮೇಲೆ ಕೂಲಿಗೆ ನಿಂತಿದ್ದನಂತೆ. "ಎಡಗಿವಿಯಲ್ಲಿ ರಾತ್ರಿ ಕುಂಯ್ ಅಂತಿರುತ್ತೆ, ಹೋಗುತ್ತೆ ಬಿಡಿ" ಅಂದ. ಇಪ್ಪತ್ಮೂರು ವರ್ಷ!

ಅಮೆರಿಕದ ನಿಯೋಷ್ ಸಂಸ್ಥೆ ಕೆಲಸಗಾರರ ಕಿವಿಗೆ ಹಾಕಿಕೊಟ್ಟ ಲೆಕ್ಕ ಇದೆ. 85 ಡೆಸಿಬಲ್‌ಗೆ ದಿನಕ್ಕೆ 8 ತಾಸು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ. 88ಕ್ಕೆ 4 ತಾಸು, 100ಕ್ಕೆ ಬರೀ 15 ನಿಮಿಷ. ನಾನು ಅವನಿಗೆ ಎಂಟರ ಬದಲು ಎರಡು ಸ್ಪೀಕರ್ ಅಂದಿದ್ದೆ. ಎರಡು ಎಂಟಕ್ಕೆ ಸಮ ಅಂತ ಸುಳ್ಳು ಹೇಳಲ್ಲ. ಒಟ್ಟಿಗೆ ಜೋಡಿಸಿದ ಬೇಸ್ ಪೆಟ್ಟಿಗೆಗಳು ಒಂದೊಂದು ಸಲ ದುಪ್ಪಟ್ಟಾದಾಗ ಸುಮಾರು 6 ಡೆಸಿಬಲ್ ಕೂಡುತ್ತವೆ, ಹಾಗಾಗಿ ಎಂಟರಿಂದ ಎರಡಕ್ಕೆ ಇಳಿದರೆ 12 ಕಡಿಮೆ. ಟಾಪ್‌ಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ, ಗಾಡಿಯ ಮೇಲೆ ನಿಂತವನ ಕಿವಿಗೆ 15 ನಿಮಿಷ ಇದ್ದದ್ದು 4 ತಾಸು ಆಗುತ್ತದೆ. ಒಂದು ಮದುವೆ ಮೆರವಣಿಗೆಗೆ ಅಷ್ಟು ಸಾಕಲ್ಲವಾ? ಕಾಗದದ ಮೇಲೆ ಬರೆದು ತೋರಿಸಿದೆ. ಸುಮ್ಮನೆ ನೋಡುತ್ತಾ ಕೂತ.

ಕಾನೂನು ಇದೆಯಲ್ಲ ಅಂತೀರಾ? ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಸುತ್ತಲಿನ ಮಟ್ಟಕ್ಕಿಂತ 10 ಡೆಸಿಬಲ್ ಮೀರಬಾರದು, ಅಥವಾ 75 ಮೀರಬಾರದು, ಯಾವುದು ಕಡಿಮೆಯೋ ಅದು. ಆದರೆ ಅಳೆಯುವುದು 'ಎ' ತೂಕದ ಡೆಸಿಬಲ್‌ನಲ್ಲಿ. ನಮ್ಮ ಕಿವಿ ತಗ್ಗಿನ ಸ್ವರವನ್ನು ಕಡಿಮೆ ಕೇಳುತ್ತದೆ ಅಂತ ಆ ಮಾಪನ ಬೇಸ್‌ಗೆ ಭಾರಿ ರಿಯಾಯಿತಿ ಕೊಡುತ್ತದೆ. 63 ಹರ್ಟ್ಜ್‌ನಲ್ಲಿ 26 ಡೆಸಿಬಲ್ ಮನ್ನಾ! ಅಂದರೆ ಸಬ್‌ವೂಫರ್ ಒಂದೇ 101 ಡೆಸಿಬಲ್ ಗುಡುಗಿದರೂ ಪೊಲೀಸರ ಕೈಯಲ್ಲಿನ ಮೀಟರ್ 75 ತೋರಿಸುತ್ತದೆ. ಕಿಟಕಿ ನಡುಗಿಸುವುದು, ಮಲಗಿದ ಮುದುಕರ ಎದೆ ಗುದ್ದುವುದು ಆ ಮನ್ನಾ ಆದ ಭಾಗವೇ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್, ನಮ್ಮ ಒಂದಿಟ್ಟಿಗೆಯ ಗೋಡೆ ಅದಕ್ಕೆ ಯಾವ ಲೆಕ್ಕ? ಬೇಸ್‌ಗೆ ಹೆಚ್ಚು ರಿಯಾಯಿತಿ ಕೊಡದ 'ಸಿ' ತೂಕ ಅಂತಲೂ ಒಂದು ಮಾಪನ ಇದೆ, 63 ಹರ್ಟ್ಜ್‌ನಲ್ಲಿ ಅದರ ಕಡಿತ ಒಂದು ಡೆಸಿಬಲ್ ಕೂಡ ಇಲ್ಲ. ಮೆರವಣಿಗೆಯ ಗಾಡಿಗಳಿಗೆ 'ಎ' ಜೊತೆ 'ಸಿ' ಮಿತಿಯೂ ನಿಯಮದಲ್ಲಿ ಸೇರಬೇಕು ಅನ್ನೋದು ನನ್ನ ಅಭಿಪ್ರಾಯ. ಹಾಗಾದರೆ ಎಂಟು ಸಬ್‌ವೂಫರ್ ಕೊಳ್ಳುವ ಹುಚ್ಚು ತಾನಾಗಿಯೇ ಕಡಿಮೆಯಾಗುತ್ತದೆ, ಸಾಲ ಕೊಡುವ ನಮಗೂ ಹಿಡಿದು ಹೇಳಲು ಒಂದು ಅಂಕಿ ಸಿಗುತ್ತದೆ.

ಈ ಊರಿನ ಹುಡುಗರ ಆತುರ ನನಗೆ ಅರ್ಥ ಆಗಲ್ಲ ಅಂತಲ್ಲ. ಸುತ್ತಲಿನ ಹೊಲಗಳು ಕೈಗಾರಿಕಾ ಪ್ರದೇಶವಾದವು, 2024ರ ಜುಲೈನಲ್ಲಿ ನಮ್ಮ ಬಿಡದಿಯ ಟೊಯೋಟಾದವರೂ ಈ ಜಿಲ್ಲೆಗೆ ಕಾರ್ಖಾನೆ ತರುವ ಒಪ್ಪಂದಕ್ಕೆ ಸಹಿ ಹಾಕಿದರು. (ಬಿಡದಿಯಿಂದ ಬಿಡಕಿನ್‌ಗೆ ಅಂತ ನಾನು ಆಫೀಸಿನಲ್ಲಿ ಜೋಕ್ ಮಾಡಿದೆ, ಮರಾಠಿ ಸಹೋದ್ಯೋಗಿಗಳು ಯಾರೂ ನಗಲಿಲ್ಲ.) ಕಾರ್ಖಾನೆಯ ನೌಕರಿ ಬರುವ ತನಕ ಹುಡುಗರ ಕೈಯಲ್ಲಿರೋದು ಒಂದು ಪಿಕಪ್. ಅದರಿಂದ ದುಡಿಯಬೇಡ ಅನ್ನೋಕೆ ನಾನ್ಯಾರು?

ಕೊನೆಗೆ ಸಾಲ ತರುಣ್‌ನಿಂದ ಕಿಶೋರ್‌ಗೆ ಇಳಿಯಿತು. ಹೊಸ ಕೊಟೇಶನ್‌ನಲ್ಲಿ ಅಂಕಿಗಳಿರುವ ಎರಡು ಸ್ಪೀಕರ್, ಎರಡು ಟಾಪ್, ಚಿಕ್ಕ ಜನರೇಟರ್, ಮತ್ತು ಪೆಟ್ಟಿಗೆಗೆ ಪೂರ್ತಿ ಒಂದು ಪುಟ. ಒಳ ಅಳತೆ, ಪ್ಲೈವುಡ್, ಟಿ ನಟ್ ಎಲ್ಲ ಬರೆಸಿದೆ. ಒಂದು ಭಾನುವಾರ ಪೈಠಣ ರಸ್ತೆಯ ಬಡಿಗನ ಅಂಗಡಿಗೆ ಹೋಗಿ ಊದುಬತ್ತಿ ನಾನೇ ಹಿಡಿದೆ. ಒಂದು ಪೆಟ್ಟಿಗೆ ಸರಿ ಇತ್ತು. ಇನ್ನೊಂದರ ಕೆಳಗಿನ ಮೂಲೆಯಲ್ಲಿ ಹೊಗೆ ನಡುಗಿತು. ಬಡಿಗ ನನ್ನನ್ನು ಒಂಥರಾ ನೋಡಿ ಸಿಲಿಕೋನ್ ತರಲು ಎದ್ದ.

ಕಿವಿ ಡಾಕ್ಟರ ಹತ್ತಿರ ಹೋಗು ಅಂತ ಮೂರು ಸಲ ಹೇಳಿದ್ದೀನಿ, ಇನ್ನೂ ಹೋಗಿಲ್ಲ. ಮೆಡಿಕಲ್ ಅಂಗಡಿಯಿಂದ ಕಿವಿಗೆ ಹಾಕುವ ಫೋಮಿನ ಬಿರಡೆ ಮಾತ್ರ ಕೊಂಡಿದ್ದಾನೆ. ಇಲ್ಲಿಯವರೆಗೆ ಮೂರು ಮದುವೆ ಸಿಕ್ಕಿವೆ. ನಾಲ್ಕನೆಯವರು ಬಂದು ಗಾಡಿ ನೋಡಿ "ಎರಡೇ ಬೇಸಾ?" ಅಂತ ಕೇಳಿ, ಬೇರೆಯವರನ್ನು ಬುಕ್ ಮಾಡಿದರಂತೆ.