ಬೇಡದ ಅಂಕಿ ಬೇಕು

ಕಾರ್ಪೊರೇಟ್ ಫೈನಾನ್ಸ್‌ನ ಯಾವ ದಪ್ಪ ಪಠ್ಯಪುಸ್ತಕ ತೆರೆದರೂ ಮುನ್ನುಡಿಯಲ್ಲಿ ಕಲಿಕಾ ಸೌಲಭ್ಯಗಳ ಮೆರವಣಿಗೆ ಹೊರಟಿರುತ್ತದೆ. ಅಧ್ಯಾಯದ ಉದ್ದೇಶಗಳು, ಅಂಚಿನಲ್ಲಿ ಪದಗಳ ಅರ್ಥ, ಬಣ್ಣದ ಚೌಕಟ್ಟಿನಲ್ಲಿ ಕಂಪನಿಗಳ ಕಥೆ, ಕೊನೆಗೆ ಸಾರಾಂಶ, ಎಕ್ಸೆಲ್ ಹಾಳೆಗಳು. ಇವುಗಳಲ್ಲಿ ನಿಜವಾಗಿ ಕಲಿಸುವುದು ಯಾವುದು, ಕಲಿತೆವೆಂಬ ಭ್ರಮೆ ಹುಟ್ಟಿಸುವುದು ಯಾವುದು?

ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಐದು ನಿಮಿಷ ಬಿಟ್ಟು ಕೇಳಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಪಾಠ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು. ಸಾರಾಂಶ ಓದಿ ತಲೆದೂಗುವುದು ಮೊದಲನೆಯ ಗುಂಪಿನವರ ಕೆಲಸ. ಆದರೆ ಹಣಕಾಸಿನ ಪಾಠಕ್ಕೆ ನೆನಪೊಂದೇ ಸಾಲದು.

ಒಂದು ಲೆಕ್ಕ ನೋಡಿ. 10 ಲಕ್ಷದ ಯಂತ್ರ. ಮೂರು ವರ್ಷ, ಪ್ರತಿ ವರ್ಷದ ಕೊನೆಗೆ 4 ಲಕ್ಷ ಆದಾಯ. ಸುಮ್ಮನೆ ಕೂಡಿದರೆ 2 ಲಕ್ಷ ಲಾಭ. ಶೇ 10ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಐದು ಸಾವಿರ ಚಿಲ್ಲರೆ ನಷ್ಟ. ಶೇ 9 ಆದರೆ ಹನ್ನೆರಡೂವರೆ ಸಾವಿರ ಲಾಭ. ಇಲ್ಲಿಯವರೆಗಿನದು ಕ್ಯಾಲ್ಕುಲೇಟರಿನ ಕೆಲಸ. ಈಗ ಎರಡು ಸಾಲು ಸೇರಿಸೋಣ: ಸಲಹೆಗಾರರಿಗೆ ಕಳೆದ ತಿಂಗಳೇ 50,000 ರೂಪಾಯಿ ಕೊಟ್ಟಾಗಿದೆ, ಯಂತ್ರ ಇಡುವ ಕೋಣೆ ಕಂಪನಿಯದೇ, ಅದರಿಂದ ಈಗ ವರ್ಷಕ್ಕೆ 12,000 ರೂಪಾಯಿ ಬಾಡಿಗೆ ಬರುತ್ತಿದೆ. ಕೈಬಿಟ್ಟು ಹೋದ 50,000 ರೂಪಾಯಿ 'ಮುಳುಗಿದ ವೆಚ್ಚ', ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಜೇಬಿನಿಂದ ಪೈಸೆಯೂ ಹೋಗದಿದ್ದರೂ, ಯಂತ್ರ ಬಂದರೆ ನಿಂತುಹೋಗುವ ಬಾಡಿಗೆಯನ್ನು ಮಾತ್ರ ಪ್ರತಿ ವರ್ಷ ಕಳೆಯಲೇಬೇಕು. ಕಳೆದರೆ ಶೇ 9ರ ದರದಲ್ಲೂ ಲಾಭ ಉಳಿಯದು. ಯಂತ್ರ ಬೇಡ ಎಂಬ ತೀರ್ಮಾನ ಬಂದದ್ದು ಸೂತ್ರದಿಂದಲ್ಲ, ಯಾವ ಅಂಕಿ ಇರಬೇಕು, ಯಾವುದು ಹೋಗಬೇಕು ಎಂಬ ವಿವೇಚನೆಯಿಂದ.

ಬಹುಪಾಲು ಅಭ್ಯಾಸಗಳು ಈ ವಿವೇಚನೆಯನ್ನು ವಿದ್ಯಾರ್ಥಿಯ ಕೈಯಿಂದ ಕಿತ್ತುಕೊಳ್ಳುತ್ತವೆ. 'ಮುಳುಗಿದ ವೆಚ್ಚ' ಎಂಬ ಶೀರ್ಷಿಕೆಯ ಕೆಳಗೇ ಮುಳುಗಿದ ವೆಚ್ಚದ ಲೆಕ್ಕ ಕೊಟ್ಟರೆ ಯೋಚಿಸಲು ಏನು ಉಳಿಯಿತು? ಕೊಟ್ಟ ಅಂಕಿಗಳೆಲ್ಲ ಉತ್ತರಕ್ಕೆ ಬೇಕೇ ಬೇಕು ಎಂದು ಪರೀಕ್ಷೆ ಬರೆದು ಪಳಗಿದವರಿಗೆ ಗೊತ್ತು. ಕಂಪನಿಯ ಮೇಜಿನ ಮೇಲೆ ಬರುವ ಕಡತ ಅಷ್ಟು ಸಭ್ಯವಾಗಿರುವುದಿಲ್ಲ.

ಹೊಸಬರಿಗೆ ಬಿಡಿಸಿ ತೋರಿಸಿದ ಲೆಕ್ಕಗಳು ಬೇಕು, ನಿಜ. ಬರ್ಕ್ ಮತ್ತು ಡಿಮಾರ್ಜೊ ಅವರ ಪುಸ್ತಕದಲ್ಲಿ ಸಾಮಾನ್ಯ ತಪ್ಪುಗಳಿಗೆಂದೇ ಚೌಕಟ್ಟುಗಳಿವೆ, ಒಳ್ಳೆಯ ಯೋಚನೆ. ಆದರೆ ತಪ್ಪು ಮಾಡುವ ಮೊದಲೇ ಎಚ್ಚರಿಕೆ ಓದಿದವನಿಗೆ ಅದು ಯಾರದೋ ತಪ್ಪು. ಆ ಚೌಕಟ್ಟು ಅಭ್ಯಾಸದ ನಂತರ ಬಂದರೆ ಇನ್ನಷ್ಟು ನಾಟೀತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬ್ರೀಲಿ ಮತ್ತು ಮೈಯರ್ಸ್ ಅವರ ಪಠ್ಯಪುಸ್ತಕದ ಕೊನೆಯ ಅಧ್ಯಾಯ. ಹಣಕಾಸು ಶಾಸ್ತ್ರ ಇನ್ನೂ ಬಿಡಿಸಲಾಗದ ಹತ್ತು ಪ್ರಶ್ನೆಗಳನ್ನು ಅಲ್ಲಿ ನೇರವಾಗಿ ಪಟ್ಟಿ ಮಾಡಿದ್ದಾರೆ. ಇಂಥ ಪ್ರಶ್ನೆ ಹೊಸದಲ್ಲ: ಕಂಪನಿಗಳು ಡಿವಿಡೆಂಡ್ (ಲಾಭಾಂಶ) ಏಕೆ ಕೊಡುತ್ತವೆ ಎಂಬುದೇ ಒಗಟು ಎಂದು ಅರ್ಥಶಾಸ್ತ್ರಜ್ಞ ಫಿಶರ್ ಬ್ಲ್ಯಾಕ್ 1976ರಲ್ಲಿ ಬರೆದಿದ್ದರು. ಅಂಥ ಗೊಂದಲ ಪಠ್ಯದಲ್ಲಿ ಕಾಣಿಸಬೇಕು. ನಮ್ಮ ಎಂಬಿಎ ತರಗತಿಗಳು ಆ ಪುಟಗಳ ತನಕ ಬರುವುದು ಅಪರೂಪ, ಪರೀಕ್ಷೆಯಲ್ಲಿ ಅವಕ್ಕೆ ಅಂಕವಿಲ್ಲವಲ್ಲ!

ಮುಂದಿನ ವರ್ಷಕ್ಕೆ ಪಠ್ಯ ಆರಿಸುವ ಅಧ್ಯಾಪಕರು ಮುನ್ನುಡಿಯನ್ನು ಪಕ್ಕಕ್ಕಿಟ್ಟು ಮೊದಲು ಅಧ್ಯಾಯದ ಕೊನೆಯ ಲೆಕ್ಕಗಳನ್ನು ನೋಡಲಿ. ಉತ್ತರಕ್ಕೆ ಬೇಡವಾದ ಅಂಕಿ ಒಂದರಲ್ಲೂ ಸಿಗದಿದ್ದರೆ ಬೇರೆ ಪುಸ್ತಕ ಹುಡುಕಲಿ.