ಕೋವಿ ಸಿಕ್ಕಿತು, ಯಜಮಾನಿಕೆ ಸಿಕ್ಕಲಿಲ್ಲ

2025ರ ಜನವರಿ 8ರಂದು ಬೆಂಗಳೂರಿನಲ್ಲಿ, ಕರ್ನಾಟಕದ ಮುಖ್ಯಮಂತ್ರಿಗಳ ಎದುರು ಆರು ಮಂದಿ ಮಾವೋವಾದಿಗಳು ಶರಣಾದರು. ಆರರಲ್ಲಿ ನಾಲ್ವರು ಹೆಂಗಸರು. ಅವರಲ್ಲೊಬ್ಬರು ವಯನಾಡಿನವರು. ಆ ಸುದ್ದಿ ಬಂದ ಕೆಲವೇ ದಿನಗಳಲ್ಲಿ ನಮ್ಮೂರ ವಾಚನಾಲಯದ ವಾರ್ಷಿಕೋತ್ಸವ ನಡೆಯಿತು. ಅತಿಥಿಗಳಾಗಿ ಬಂದ ಹಿರಿಯರೊಬ್ಬರು ಮೈಕಿನ ಮುಂದೆ ನಿಂತು, "ಹೆಣ್ಣುಮಕ್ಕಳನ್ನು ದೂರದ ಹಾಸ್ಟೆಲಿಗೆ ಕಳುಹಿಸಿದರೆ ಹೀಗೇ ಆಗುವುದು. ಹೆಚ್ಚು ಕಲಿತವರೇ ಇಂಥ ಬಲೆಗೆ ಬೀಳುವುದು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿದ್ದ ನಾನು ಚಪ್ಪಾಳೆ ತಟ್ಟಲಿಲ್ಲ. ಆದರೆ ಎದ್ದು ನಿಂತು ಮಾತಾಡಲೂ ಇಲ್ಲ. ಅಂದು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬರೆಯದೆ ಇರುವಂತಿಲ್ಲ. ನಾನು ಕನ್ನಡ ಕಲಿಸಿದ ಹುಡುಗಿಯೊಬ್ಬಳು ಕಲ್ಲಿಕೋಟೆಗೆ ಹೋಗಿ ಎಂ.ಎ. ಓದಬೇಕೆಂದಿದ್ದಳು. ಅವಳ ತಾಯಿ ನಮ್ಮ ಮನೆಯ ಜಗಲಿಯಲ್ಲಿ ಕೂತು, "ಟೀಚರೇ, ಹೆದರಿಕೆ ಆಗ್ತದೆ. ಇವರು ಬೇಡ ಅಂತ ಹೇಳಿದ್ದಾರೆ" ಎಂದರು. "ಅವಳು ಏನು ಹೇಳ್ತಾಳೆ?" ಎಂದು ಕೇಳಿದೆ. "ಅವಳತ್ರ ಯಾರು ಕೇಳಿದ್ದಾರೆ?" ಎಂದರು ಆ ತಾಯಿ.

ಉಗ್ರ ಸಂಘಟನೆಗಳಲ್ಲಿ ಹೆಣ್ಣಿನ ಪಾತ್ರ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಬದಲಾಗಿದೆ. ಅನ್ನ ಬೇಯಿಸುತ್ತಿದ್ದವಳು, ಚೀಟಿ ಸಾಗಿಸುತ್ತಿದ್ದವಳು, ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದವಳು ಕೋವಿ ಹಿಡಿದಳು, ದಳ ನಡೆಸಿದಳು, ಮೈಗೆ ಬಾಂಬು ಕಟ್ಟಿಕೊಂಡಳು. ಆದರೆ ಆ ತಾಯಿಯ ಪ್ರಶ್ನೆಯನ್ನು ಅಲ್ಲಿಗೂ ಒಯ್ಯಿರಿ. ಯಾರನ್ನು ಕೊಲ್ಲಬೇಕು, ಯಾವಾಗ ಸಾಯಬೇಕು, ಯಾವಾಗ ಸಾಕು ಮಾಡಬೇಕು ಎಂದು ಅವಳ ಹತ್ತಿರ ಯಾರು ಕೇಳಿದರು?

ಈಳಂ ಹುಲಿಗಳನ್ನೇ ನೋಡಿ. ಮೊದಮೊದಲು ಅಲ್ಲಿ ಹೆಂಗಸರ ಕೆಲಸ ಪ್ರಚಾರ ಮತ್ತು ಶುಶ್ರೂಷೆ. 1985ರಲ್ಲಿ ಅವರ ಮೊದಲ ಮಹಿಳಾ ತಂಡ ತಮಿಳುನಾಡಿನಲ್ಲಿ ಶಸ್ತ್ರಾಭ್ಯಾಸ ಪಡೆಯಿತು. 1987ರ ಅಕ್ಟೋಬರ್ 10ರಂದು ಭಾರತದ ಶಾಂತಿಪಾಲನಾ ಪಡೆಯೊಡನೆ ನಡೆದ ಕಾಳಗದಲ್ಲಿ ಮಾಲತಿ ಎಂಬವಳು ಸತ್ತಳು. ಆಮೇಲೆ ಅವಳ ಹೆಸರಿನಲ್ಲೇ ಒಂದು ಪಡೆ ಎದ್ದಿತು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಧನು ಎಂಬವಳು ರಾಜೀವ ಗಾಂಧಿಯವರ ಕಾಲಿಗೆರಗುವಂತೆ ಬಾಗಿ ತನ್ನನ್ನೂ ಅವರನ್ನೂ ಸ್ಫೋಟಿಸಿದಳು. ಅವಳ ಜೊತೆ ಬಂದಿದ್ದ ಶುಭಾ ಮೂರು ತಿಂಗಳ ಬಳಿಕ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ, ಪೊಲೀಸರು ಸುತ್ತುವರಿದಿದ್ದಾಗ, ಶಿವರಾಸನ್ ಮತ್ತಿತರರೊಡನೆ ಸತ್ತು ಬಿದ್ದಿದ್ದಳು.

ಇದನ್ನು ಸ್ತ್ರೀ ಸಮಾನತೆ ಎಂದು ಕರೆದವರು ಇದ್ದರು. ನಾನು ಒಪ್ಪುವುದಿಲ್ಲ. ಆ ಸಂಘಟನೆ ತನ್ನವರಿಗೆ ಮದುವೆಯನ್ನೇ ನಿಷೇಧಿಸಿತ್ತು. 1984ರಲ್ಲಿ ಪ್ರಭಾಕರನ್ ತಾನೇ ಮದುವೆಯಾಗುವ ಹೊತ್ತಿಗೆ ನಿಯಮ ಸಡಿಲವಾಯಿತು. ಹೆಣ್ಣು ಯಾವಾಗ ಮದುವೆಯಾಗಬೇಕು, ಯಾವಾಗ ಸಾಯಬೇಕು ಎಂಬೆರಡೂ ಒಬ್ಬ ಗಂಡಸಿನ ಅಪ್ಪಣೆಯಾದರೆ ಅದು ನಮ್ಮ ಹಳೆಯ ತರವಾಡಿನ ಯಜಮಾನಿಕೆಯೇ. ಮುಂಡಾಸಿನ ಬದಲು ಸೈನಿಕರ ಟೊಪ್ಪಿ, ಅಷ್ಟೆ ವ್ಯತ್ಯಾಸ. ಪ್ರಶ್ನೆ ಕೇಳಿದ ಹೆಣ್ಣಿಗೆ ಏನಾಯಿತು ಎಂಬುದಕ್ಕೂ ಸಾಕ್ಷಿಯಿದೆ. ಯಾಳ್ಪಾಣದ ವೈದ್ಯೆ, ಪ್ರಾಧ್ಯಾಪಕಿ ರಜನಿ ತಿರಣಗಮ ಒಮ್ಮೆ ಹುಲಿಗಳ ಪರವಾಗಿದ್ದವರು. ಆಮೇಲೆ ಸೈನ್ಯ, ಹುಲಿಗಳು ಎಂದು ನೋಡದೆ ಎಲ್ಲರ ಕ್ರೌರ್ಯವನ್ನೂ ದಾಖಲಿಸತೊಡಗಿದರು. 1989ರ ಸೆಪ್ಟೆಂಬರ್ 21ರಂದು ಸೈಕಲಿನಲ್ಲಿ ಮನೆಗೆ ಮರಳುತ್ತಿದ್ದ ಅವರನ್ನು ಗುಂಡಿಟ್ಟು ಕೊಂದರು. ಕೋವಿ ಹಿಡಿದ ಹೆಣ್ಣಿಗೆ ಸ್ಮಾರಕ, ಬಾಯಿ ತೆರೆದ ಹೆಣ್ಣಿಗೆ ಗುಂಡು.

"ಅದು ಲಂಕೆಯ ಮಾತು, ನಮಗೇಕೆ?" ಎನ್ನಬೇಡಿ. 2016ರಲ್ಲಿ ನಮ್ಮದೇ ಜಿಲ್ಲೆಯ ಪಡನ್ನ, ತೃಕ್ಕರಿಪುರದ ಕಡೆಯಿಂದ ಕೆಲವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಫ್ಘಾನಿಸ್ತಾನಕ್ಕೆ, ಐ.ಎಸ್. ಎಂಬ ಸಂಘಟನೆ ಸೇರಲು ಹೋದರು. ಆ ಸಂಘಟನೆ ಹೆಣ್ಣಿಗೆ ಕೊಟ್ಟ ಮುಖ್ಯ ಕೆಲಸ ಹೆಂಡತಿಯಾಗುವುದು, ಹೆರುವುದು. ಸಿರಿಯಾದ ರಕ್ಕಾದಲ್ಲಿ ಅವರು ಕಟ್ಟಿದ ಹೆಂಗಸರ ದಳದ ಕೈಗೆ ಚಾಟಿ ಬಂದದ್ದೂ ಬೇರೆ ಹೆಂಗಸರ ಉಡುಪು ಸರಿಯಿಲ್ಲವೆಂದು ಹೊಡೆಯುವುದಕ್ಕೆ. ಇದನ್ನು ಒಂದು ಸಮುದಾಯದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರು ದಯವಿಟ್ಟು ಈ ಲೇಖನವನ್ನು ಮೊದಲಿನಿಂದ ಓದಬೇಕು. ಒಂದು ಕಡೆ ದೇವರನ್ನೇ ಒಪ್ಪದವರು, ಇನ್ನೊಂದು ಕಡೆ ಭಾಷೆಯ ಹೆಸರಿನಲ್ಲಿ ಹೋರಾಡಿದವರು, ಮತ್ತೊಂದು ಕಡೆ ಧರ್ಮದ ಹೆಸರಿನಲ್ಲಿ ಹೊರಟವರು. ಬಾವುಟ ಬೇರೆ ಬೇರೆ; ಹೆಣ್ಣಿನ ಪರವಾಗಿ ತಾವೇ ತೀರ್ಮಾನಿಸುವ ಚಾಳಿ ಒಂದೇ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ಕಲಿಕೆಯೇ ಕೆಡಿಸುವುದು ಎನ್ನುವವರಿಗೆ ಅಜಿತಾ ಒಳ್ಳೆಯ ಉದಾಹರಣೆಯಾಗಿ ಕಾಣಬಹುದು. ಈ ಸಂಚಿಕೆಯ ಮಲಯಾಳಂ ಪುಟಗಳನ್ನು ಓದುವವರಿಗೆ ಅವರ ಪರಿಚಯ ಬೇಡ. ತಂದೆ ಕುನ್ನಿಕ್ಕಲ್ ನಾರಾಯಣನ್, ತಾಯಿ ಮಂದಾಕಿನಿ ಇಬ್ಬರೂ ಕ್ರಾಂತಿಯ ಮಾತಾಡುತ್ತಿದ್ದ ಮನೆ. 1968ರ ನವೆಂಬರಿನಲ್ಲಿ ವಯನಾಡಿನ ಪುಲ್ಪಳ್ಳಿಯ ಪೊಲೀಸ್ ಠಾಣೆಯ ಮೇಲೆ ನಡೆದ ದಾಳಿಯಲ್ಲಿ ಹದಿಹರೆಯದ ಅಜಿತಾ ಇದ್ದರು. ದಾಳಿಯಲ್ಲಿ ಜೀವಹಾನಿಯಾಯಿತು, ಅದು ತಪ್ಪು ದಾರಿ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಜೈಲಿನಿಂದ ಹೊರಬಂದ ಮೇಲೆ ಅವರು ತನ್ನ ನೆನಪುಗಳನ್ನು ಬರೆದರು. ತಮ್ಮ ಚಳವಳಿಯಲ್ಲಿ ಹೆಣ್ಣಿನ ಪ್ರಶ್ನೆಗೆ ಜಾಗವಿರಲಿಲ್ಲ ಎಂದು ಬಾಯಿಬಿಟ್ಟು ಹೇಳಿದರು. 1993ರಲ್ಲಿ ಕಲ್ಲಿಕೋಟೆಯಲ್ಲಿ 'ಅನ್ವೇಷಿ'ಯನ್ನು ಕಟ್ಟಿ, ಹೊಡೆತ ತಿಂದ, ಮೋಸ ಹೋದ ಹೆಂಗಸರ ಬೆನ್ನಿಗೆ ನಿಂತರು. ಆ ಕೆಲಸದಲ್ಲಿ ಕೋವಿ ಇಲ್ಲ. ಆದರೆ ಅಲ್ಲಿ ತೀರ್ಮಾನ ಅವರದೇ. ಯೋಚಿಸಲು ಕಲಿತವಳಾದುದರಿಂದಲೇ ಹೋದ ದಾರಿಯನ್ನು ತಪ್ಪೆಂದು ತಿಳಿದು ಮರಳಿ ಬರಲು ಆಕೆಗೆ ಸಾಧ್ಯವಾಯಿತು ಎಂಬುದು ನನ್ನ ವಾದ.

ನಮ್ಮ ಸಭೆಗಳಲ್ಲಿ ಇಂಥ ಹೆಂಗಸರಿಗೆ ಎರಡೇ ಹೆಸರು. ಪರವಾಗಿದ್ದವರಿಗೆ ಆಕೆ ದುರ್ಗೆ. ವಿರೋಧಿಸುವವರಿಗೆ ಮರುಳಾದ ಹುಡುಗಿ. ಎರಡೂ ಹೆಸರು ಅವಳಿಗೊಂದು ಬುದ್ಧಿಯಿದೆ ಎಂಬುದನ್ನು ಅಳಿಸುತ್ತವೆ. ಬುದ್ಧಿಯಿದೆ ಎಂದ ಮೇಲೆ ಹೊಣೆಯೂ ಇದೆ. ಕೊಂದವಳು ಹೆಣ್ಣೆಂಬ ಕಾರಣಕ್ಕೆ ಕ್ಷಮೆ ಬೇಡ. ಹೆಣ್ಣೆಂಬ ಕಾರಣಕ್ಕೆ ಇಡೀ ಹೆಣ್ಣುಕುಲಕ್ಕೆ ಶಿಕ್ಷೆಯೂ ಬೇಡ. ಅಂಥ ದಾಳಿ ಮಾಡಿದ ಗಂಡಸರು ಎಷ್ಟೋ ಮಂದಿ. ಅವರನ್ನು ತೋರಿಸಿ ಗಂಡುಮಕ್ಕಳ ಹಾಸ್ಟೆಲ್ ಬಿಡಿಸಿದ ಒಬ್ಬ ಅಪ್ಪನನ್ನೂ ನಾನು ಕಂಡಿಲ್ಲ.

ಗಡಿನಾಡಿನ ಕನ್ನಡಿಗರಾದ ನಮಗೆ 'ಕೇಳಲಿಲ್ಲ' ಎಂಬ ಮಾತಿನ ನೋವು ಗೊತ್ತು. 1956ರಲ್ಲಿ ಈ ನೆಲವನ್ನು ಕೇರಳಕ್ಕೆ ಸೇರಿಸುವಾಗ ನಮ್ಮನ್ನು ಯಾರು ಕೇಳಿದರು ಎಂದು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ. ಹಾಗೆ ಹೇಳುವ ನಾವೇ ಮನೆಗೆ ಬಂದು ಮಗಳನ್ನು ಕೇಳದೆ ಅವಳ ಓದು ನಿಲ್ಲಿಸುತ್ತೇವೆ. 'ಬೇಡ' ಎನ್ನಲು ಮನೆಯಲ್ಲಿ ಕಲಿಯದ ಹುಡುಗಿ, ನಾಳೆ ಯಾವನೋ ನಾಯಕ ಬಂದು ಅಪ್ಪಣೆ ಕೊಟ್ಟರೆ 'ಬೇಡ' ಎಂದಾಳೆಯೇ? ಬಾಗಿಲು ಹಾಕಿದರೆ ಮಗಳು ಉಳಿಯುತ್ತಾಳೆ ಎಂಬುದು ಭ್ರಮೆ. ವಿಧೇಯತೆ ಕಲಿತವಳಿಗೆ ಯಜಮಾನ ಬದಲಾಗುವುದಕ್ಕೆ ಹೆಚ್ಚು ಹೊತ್ತು ಬೇಡ.

ನನ್ನ ಆ ಶಿಷ್ಯೆ ಈಗ ಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಟೀಚರ್, ಈ ವರ್ಷವೂ ಅರ್ಜಿ ಹಾಕಬಹುದಲ್ವಾ?" ಎಂದು ಕೇಳಿದಳು. ಹಾಕಬಹುದು ಎಂದೆ. ಅವಳ ಅಪ್ಪ ಈ ವಾರ್ಷಿಕ ಸಂಚಿಕೆಯನ್ನು ತಪ್ಪದೆ ಓದುವವರು. ಅವರಲ್ಲಿ ನನ್ನದೊಂದೇ ವಿನಂತಿ: ಅರ್ಜಿಗೆ ಸಹಿ ಹಾಕುವುದೋ ಬಿಡುವುದೋ ಆಮೇಲಿನ ಮಾತು. ಮೊದಲು ಅವಳನ್ನು ಕರೆದು ಕೂರಿಸಿ, ಕೇಳಿ.