ವಿದೇಶದಿಂದ ತಂದದ್ದು ಪದವಿ ಪತ್ರ ಮಾತ್ರವೇ?

ಬ್ರಿಟನ್ನಿನಲ್ಲೋ ಜರ್ಮನಿಯಲ್ಲೋ ಮಲೇಶ್ಯಾದಲ್ಲೋ ಸ್ನಾತಕೋತ್ತರ ಪದವಿ ಮುಗಿಸಿ ಊರಿಗೆ ಮರಳಿದ ಯುವಕನೊಬ್ಬ ಉದ್ಯೋಗದ ಸಂದರ್ಶನಕ್ಕೆ ಹಾಜರಾಗುತ್ತಾನೆ. ಮೇಜಿನ ಆಚೆ ಕುಳಿತವರು ಅವನ ಪ್ರಮಾಣ ಪತ್ರಗಳನ್ನು ತಿರುವಿ ಹಾಕಿ, 'ಅಲ್ಲಿ ಏನು ಕಲಿತಿರಿ?' ಎಂದು ಕೇಳುತ್ತಾರೆ. ಯುವಕ ವಿಶ್ವವಿದ್ಯಾನಿಲಯದ ಹೆಸರನ್ನು ಇನ್ನೊಮ್ಮೆ ಹೇಳುತ್ತಾನೆ. ಅದನ್ನು ಅವರು ಆಗಲೇ ಓದಿಯಾಗಿದೆ. ಅವರಿಗೆ ಬೇಕಾಗಿದ್ದುದು ಆ ಹೆಸರಿನ ಹಿಂದೆ ಅವನು ಮಾಡಿದ ಕೆಲಸದ ವಿವರ. ಅದನ್ನು ಹೇಳಲು ಅವನಿಗೆ ಬರುವುದಿಲ್ಲ. ಹೇಳಬೇಕು ಎಂದು ಅವನಿಗೆ ಯಾರೂ ತಿಳಿಸಿಯೂ ಇಲ್ಲ.

ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳಲ್ಲಿ ಮಕ್ಕಳನ್ನು ಉನ್ನತ ಶಿಕ್ಷಣಕ್ಕಾಗಿ ಹೊರದೇಶಕ್ಕೆ ಕಳುಹಿಸುವ ಧೈರ್ಯ ಈಗ ಕಾಣಿಸತೊಡಗಿದೆ. ಹಿಂದಿನ ತಲೆಮಾರು ವಿದೇಶಕ್ಕೆ ಹೋದದ್ದು ದುಡಿಯಲಿಕ್ಕೆ, ಈ ತಲೆಮಾರು ಕಲಿಯಲಿಕ್ಕೆ. ಇದು ಸಣ್ಣ ಬದಲಾವಣೆಯಲ್ಲ. ಇದರ ಹಿಂದೆ ತಂದೆಯ ಗಲ್ಫ್ ದುಡಿಮೆಯಿದೆ, ತಾಯಿಯ ಬಂಗಾರವಿದೆ, ಬ್ಯಾಂಕಿನ ಸಾಲವಿದೆ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ಸಹಾಯಧನ ನೀಡುತ್ತಿದ್ದ ಕೇಂದ್ರ ಸರಕಾರದ 'ಪಢೋ ಪರ್ದೇಸ್' ಯೋಜನೆಯನ್ನು 2022-23ರಿಂದ ನಿಲ್ಲಿಸಲಾಯಿತು. ಕೇಂದ್ರ ಕೈಬಿಟ್ಟ ಆ ಹೊರೆ ಈಗ ಮನೆಯವರ ಹೆಗಲ ಮೇಲಿದೆ. ಇಷ್ಟೆಲ್ಲ ತೆತ್ತು ಗಳಿಸಿದ ಶಿಕ್ಷಣವು ಸಂದರ್ಶನದ ಹದಿನೈದು ನಿಮಿಷಗಳಲ್ಲಿ ಮೂಕವಾಗಿ ಬಿಡುವುದಾದರೆ, ಅದನ್ನು ಆ ಯುವಕನೊಬ್ಬನ ವೈಫಲ್ಯವೆಂದು ತಳ್ಳಿ ಹಾಕಲು ಸಾಧ್ಯವೇ?

ಅಷ್ಟಕ್ಕೂ, ವಿದೇಶದ ಪ್ರಮಾಣ ಪತ್ರವು ತನ್ನಷ್ಟಕ್ಕೇ ಮಾತಾಡುತ್ತದೆ ಎಂಬ ನಂಬಿಕೆಯೇ ತಪ್ಪು. ಜರ್ಮನಿಯ ಅಂಕ ಪದ್ಧತಿಯನ್ನೇ ನೋಡಿ. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಕಷ್ಟಪಟ್ಟು ತೇರ್ಗಡೆ. ಹತ್ತಕ್ಕೆ ಎಂಟೋ ಒಂಬತ್ತೋ ಬಂದರೆ ಮಾತ್ರ ಬುದ್ಧಿವಂತ ಎಂದು ತಿಳಿದಿರುವ ನಮ್ಮ ಊರಿನ ಉದ್ಯೋಗದಾತರ ಕೈಗೆ 1.7 ಎಂದು ಬರೆದಿರುವ ಅಂಕಪಟ್ಟಿ ಸಿಕ್ಕರೆ ಅವರು ಏನೆಂದುಕೊಂಡಾರು? ಬ್ರಿಟನ್ನಿನಲ್ಲಿ ಶೇ. 70 ಬಂದರೆ ಅದು ಅತ್ಯುನ್ನತ ದರ್ಜೆ. ಇಲ್ಲಿ ಶೇ. 90ನ್ನು ದಿನವೂ ಕಾಣುವವರಿಗೆ ಅದು ಸಾಧಾರಣವೆನಿಸುತ್ತದೆ. ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಪದವಿ ಇಲ್ಲಿನ ಎರಡು ವರ್ಷದ ಪದವಿಯ ಮುಂದೆ ಅರೆಬರೆಯಾಗಿ ತೋರುತ್ತದೆ. ಇದನ್ನು ವಿವರಿಸಬೇಕಾದವನು ಅಭ್ಯರ್ಥಿಯೇ. ಬಯೋಡಾಟಾದಲ್ಲಿ ಅಂಕದ ಪಕ್ಕದಲ್ಲೇ ಅದರ ಅರ್ಥವನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಯುರೋಪಿನ ವಿಶ್ವವಿದ್ಯಾನಿಲಯಗಳು ಪದವಿಯ ಜೊತೆಗೆ 'ಡಿಪ್ಲೊಮಾ ಸಪ್ಲಿಮೆಂಟ್' ಎಂಬ ದಾಖಲೆಯೊಂದನ್ನು ಕೊಡುತ್ತವೆ. ಆ ಪದವಿಯ ಮಟ್ಟ, ವಿಷಯ, ಅಂಕ ಪದ್ಧತಿಗಳನ್ನು ಅನ್ಯ ದೇಶದವರಿಗೆ ತಿಳಿಯ ಹೇಳುವುದೇ ಅದರ ಉದ್ದೇಶ. ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುವ ನಾವು ಈ ದಾಖಲೆಯನ್ನು ಮಾತ್ರ ಲಕೋಟೆಯಲ್ಲೇ ಬಿಟ್ಟು ಬಿಡುತ್ತೇವೆ.

ಇನ್ನು ಸರಕಾರಿ ಹುದ್ದೆಗೋ ಅಧ್ಯಾಪಕ ವೃತ್ತಿಗೋ ಅರ್ಜಿ ಹಾಕುವವರಿಗೆ ತತ್ಸಮಾನತೆಯ ಪ್ರಮಾಣ ಪತ್ರ ಬೇಕಾಗುತ್ತದೆ. ಇದಕ್ಕಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2025ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿದೆ. ವೈದ್ಯಕೀಯ, ಕಾನೂನು ಮುಂತಾದ ವೃತ್ತಿ ಶಿಕ್ಷಣಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಅವು ತಮ್ಮ ತಮ್ಮ ನಿಯಂತ್ರಣ ಮಂಡಳಿಗಳ ನಿಯಮಕ್ಕೆ ಒಳಪಟ್ಟಿವೆ. ವಿದೇಶದಲ್ಲಿ ವೈದ್ಯಕೀಯ ಓದಿದವರು 300 ಅಂಕಗಳ ಅರ್ಹತಾ ಪರೀಕ್ಷೆಯಲ್ಲಿ 150 ಅಂಕ ಪಡೆಯದೆ ಇಲ್ಲಿ ವೃತ್ತಿ ಆರಂಭಿಸುವಂತಿಲ್ಲ ಎಂಬುದನ್ನು ಮಗುವನ್ನು ವಿಮಾನ ಹತ್ತಿಸುವ ಮೊದಲೇ ಹೆತ್ತವರು ತಿಳಿದಿರಬೇಕು.

ಆದರೆ ದಾಖಲೆಗಳೆಲ್ಲ ಸರಿಯಾಗಿದ್ದೂ ಸಂದರ್ಶನದಲ್ಲಿ ಸೋಲುವವರಿದ್ದಾರೆ. ನಾವಿಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಅವರ ಬಗ್ಗೆ.

ವಿದೇಶದಲ್ಲಿ ಓದಿದವನ ನಿಜವಾದ ಕಲಿಕೆ ಬಹಳಷ್ಟು ನಡೆದಿರುವುದು ತರಗತಿಯ ಹೊರಗೆ. ಗೊತ್ತಿಲ್ಲದ ಊರಿನಲ್ಲಿ ಅವನು ಬಾಡಿಗೆ ಕರಾರು ಓದಿ ಸಹಿ ಹಾಕಿದ್ದಾನೆ. ಬೇರೆ ಬೇರೆ ದೇಶಗಳ ಸಹಪಾಠಿಗಳೊಂದಿಗೆ ಒಂದೇ ಮೇಜಿನಲ್ಲಿ ಕುಳಿತು ಯೋಜನಾ ವರದಿ ತಯಾರಿಸಿದ್ದಾನೆ. ಅಧ್ಯಾಪಕರ ಅಭಿಪ್ರಾಯವನ್ನು ಒಪ್ಪದಿದ್ದಾಗ ಕಾರಣ ಕೊಟ್ಟು ವಾದಿಸಿದ್ದಾನೆ. ಇನ್ನೊಬ್ಬರ ವಾಕ್ಯವನ್ನು ತನ್ನದೆಂದು ಬರೆದರೆ ಪದವಿಯೇ ಕೈತಪ್ಪಬಹುದಾದ ಕಟ್ಟುನಿಟ್ಟಿನಲ್ಲಿ ಪ್ರಬಂಧ ಬರೆದಿದ್ದಾನೆ. ಇವೆಲ್ಲ ಉದ್ಯೋಗದಾತರಿಗೆ ಬೇಕಾದ ಗುಣಗಳೇ. ಆದರೆ ಅವನ ಬಯೋಡಾಟಾದಲ್ಲಿ ಇರುವುದೇನು? 'ಉತ್ತಮ ಸಂವಹನ ಕೌಶಲ್ಯ, ತಂಡದಲ್ಲಿ ದುಡಿಯುವ ಸಾಮರ್ಥ್ಯ.' ಈ ಮಾತನ್ನು ಊರಿನಿಂದ ಕದಲದವರೂ ಬರೆಯುತ್ತಾರೆ. ಅದರ ಬದಲು, ನಾವು ಐವರಿದ್ದೆವು, ಹನ್ನೆರಡು ವಾರ ಕೆಲಸ ಮಾಡಿದೆವು, ಲೆಕ್ಕಾಚಾರದ ಭಾಗ ನನ್ನದಾಗಿತ್ತು, ನಡುವೆ ಇಂಥದ್ದೊಂದು ತಪ್ಪಾಯಿತು, ಅದನ್ನು ಹೀಗೆ ಸರಿಪಡಿಸಿದೆವು ಎಂದು ಹೇಳುವವನ ಮುಂದೆ ಸಂದರ್ಶಕರು ಲೇಖನಿ ಕೆಳಗಿಡುತ್ತಾರೆ. ತಪ್ಪನ್ನೂ ಹೇಳಬೇಕೇ ಎಂದು ಯಾರಾದರೂ ಕೇಳಬಹುದು. ಹೇಳಬೇಕು. ತಪ್ಪೇ ಆಗದ ಯೋಜನೆಯಲ್ಲಿ ಆತ ನಿಜವಾಗಿ ಕೆಲಸ ಮಾಡಿದ್ದನೇ ಎಂಬ ಅನುಮಾನ ಕೇಳುವವರಿಗೆ ಬರದಿರದು.

ಇದರ ಇನ್ನೊಂದು ಮುಖವೂ ಇದೆ. ಮಾತು ಮಾತಿಗೆ 'ಅಲ್ಲಿ ಹಾಗಲ್ಲ, ಅಲ್ಲಿ ಹೀಗೆ' ಎನ್ನುವವರು. ಮೂವತ್ತು ವರ್ಷಗಳಿಂದ ಇಲ್ಲಿ ಉದ್ಯಮ ನಡೆಸುತ್ತಿರುವ ವ್ಯಕ್ತಿಯ ಎದುರು ಕುಳಿತು ಎರಡು ವರ್ಷದ ಪ್ರವಾಸಿಯಂತೆ ಇಲ್ಲಿನದ್ದನ್ನೆಲ್ಲ ಜರೆದರೆ ಆತ ಕೆಲಸ ಕೊಟ್ಟಾನೆಯೇ? ಅಲ್ಲಿನ ವಿಧಾನವನ್ನು ಇಲ್ಲಿನ ಕೊರತೆಗಳ ನಡುವೆ ಹೇಗೆ ಜಾರಿಗೆ ತರಬಲ್ಲೆ ಎಂದು ಹೇಳುವವನು ಅವರಿಗೆ ಬೇಕು.

ಈಗ ನಮ್ಮ ಮನೆಗಳೊಳಗಿನ ಒಂದು ಮಾತು. ವಿದೇಶದಲ್ಲಿ ಓದುವ ನಮ್ಮ ಮಕ್ಕಳಲ್ಲಿ ಅನೇಕರು ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದಾರೆ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ್ದಾರೆ, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡಿದ್ದಾರೆ. ಅದು ಕಾನೂನು ಒಪ್ಪಿದ ದುಡಿಮೆ. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿಯು ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನಗಳ ಅವಕಾಶವಿದೆ. ಆದರೆ ಊರಿಗೆ ಬಂದ ಮೇಲೆ ಆ ಬಗ್ಗೆ ತುಟಿ ಬಿಚ್ಚಬಾರದೆಂದು ಮನೆಯವರೇ ತಾಕೀತು ಮಾಡುತ್ತಾರೆ. 'ನಾಲ್ಕು ಜನ ಏನಂದಾರು, ಮದುವೆ ಮಾತುಕತೆಗೆ ಬಂದವರು ಏನಂದಾರು' ಎಂಬ ಭಯ. ಹಾಗಾಗಿ ಬಯೋಡಾಟಾದಲ್ಲಿ ಎರಡು ವರ್ಷಗಳು ಖಾಲಿ ಉಳಿಯುತ್ತವೆ. ದುರಂತವೆಂದರೆ, ಉದ್ಯೋಗದಾತರ ಮನಸ್ಸನ್ನು ಬಹಳ ಬೇಗ ತಟ್ಟಬಹುದಾದ ಸಂಗತಿಯೇ ಅದು. ಬೆಳಗ್ಗೆ ತರಗತಿ, ಸಂಜೆ ದುಡಿಮೆ, ರಾತ್ರಿ ಪ್ರಬಂಧ, ತಿಂಗಳ ಕೊನೆಯಲ್ಲಿ ಸ್ವಂತ ದುಡ್ಡಿನ ಬಾಡಿಗೆ: ಸಮಯಪಾಲನೆಗೂ ಜವಾಬ್ದಾರಿಗೂ ಇದಕ್ಕಿಂತ ದೊಡ್ಡ ಪುರಾವೆ ಯಾವುದಿದೆ? ಗಲ್ಫಿನ ಬಿಸಿಲಲ್ಲಿ ಕೈಗೆ ಬೊಬ್ಬೆ ಬರಿಸಿಕೊಂಡ ತಂದೆಯ ಮಗ ತಾನು ಪಾತ್ರೆ ತೊಳೆದೆ ಎನ್ನಲು ನಾಚಬೇಕಾದ ಸ್ಥಿತಿಯನ್ನು ನಿರ್ಮಿಸಿದವರು ಯಾರು?

ಮುಂದೆ ರಾಷ್ಟ್ರಪತಿಯಾದ ಡಾ. ಝಾಕಿರ್ ಹುಸೇನ್ ಅವರು 1920ರ ದಶಕದಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಅಧ್ಯಯನ ನಡೆಸುತ್ತಿದ್ದರು. ಆ ದಿನಗಳಲ್ಲೇ ಅವರು ಬರ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುವುದನ್ನು ಕಲಿತು, ಗಾಲಿಬ್‌ರ ದಿವಾನನ್ನು ತಮ್ಮ ಕೈಯಾರೆ ಅಚ್ಚಿಗೆ ಸಿದ್ಧಪಡಿಸಿದರು. ಅರ್ಥಶಾಸ್ತ್ರದ ಸಂಶೋಧಕನಿಗೆ ಕೈಗೆ ಮಸಿ ಮೆತ್ತಿಕೊಳ್ಳುವ ಕೆಲಸ ಕೀಳೆನಿಸಲಿಲ್ಲ. 1926ರಲ್ಲಿ ಮರಳಿ ಬಂದು, ಹಣವಿಲ್ಲದೆ ಮುಚ್ಚುವ ಹಂತ ತಲುಪಿದ್ದ ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತಾಗ ಅವರ ಬಳಿಯಿದ್ದುದು ಡಾಕ್ಟರೇಟ್ ಮಾತ್ರವಾಗಿರಲಿಲ್ಲ.

ಮುಚ್ಚಿಡುವುದು ಒಂದು ತಪ್ಪಾದರೆ, ಉಬ್ಬಿಸುವುದು ಇನ್ನೊಂದು. ಮೂರು ದಿನಗಳ ಕಾರ್ಯಾಗಾರವನ್ನು ಮೂರು ತಿಂಗಳ ತರಬೇತಿಯೆಂದು ಬರೆಯುವುದು, ಪರಿಚಯದವರ ಅಂಗಡಿಯಿಂದ ಅನುಭವದ ಪತ್ರ ಬರೆಸಿಕೊಳ್ಳುವುದು ಇವತ್ತು ಜಾಣತನವೆನಿಸಿಕೊಂಡಿದೆ. ಅದು ಸುಳ್ಳು, ಅಷ್ಟೇ. ಕಂಪೆನಿಗಳು ಈಗ ವಿಶ್ವವಿದ್ಯಾನಿಲಯಕ್ಕೂ ಹಿಂದಿನ ಕೆಲಸದ ಸ್ಥಳಕ್ಕೂ ನೇರವಾಗಿ ಬರೆದು ಪರಿಶೀಲಿಸುತ್ತವೆ. ಅಂಥ ಒಂದು ಸುಳ್ಳು ಸಿಕ್ಕಿ ಬಿದ್ದರೆ ಅದರ ಕಳಂಕ ಮುಂದೆ ಅದೇ ಬಾಗಿಲಿಗೆ ಬರುವ ನಮ್ಮ ಇತರ ಮಕ್ಕಳ ಮೇಲೂ ಬೀಳುತ್ತದೆ.

ಯಾಕೆಂದರೆ ಆ ಬಾಗಿಲು ಮೊದಲೇ ಅರೆ ತೆರೆದಿದೆ. ಇದನ್ನು ಹೇಳದೆ ಈ ಬರಹ ಮುಗಿಸುವುದು ಅಪ್ರಾಮಾಣಿಕತೆಯಾದೀತು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಒಂದೇ ಬಗೆಯ ಅರ್ಹತೆಯ, ಆದರೆ ಬೇರೆ ಬೇರೆ ಹೆಸರಿನ ಅರ್ಜಿಗಳನ್ನು ಕಳುಹಿಸಿ ಅಧ್ಯಯನ ನಡೆಸಿದ್ದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೇಲ್ಜಾತಿ ಹಿಂದೂ ಹೆಸರುಗಳಿಗಿಂತ ಮುಸ್ಲಿಮ್ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ತೀರಾ ಕಡಿಮೆಯಿತ್ತು. 2022ರಲ್ಲಿ ಲೆಡ್‌ಬೈ ಫೌಂಡೇಶನ್ ಸಾವಿರ ಉದ್ಯೋಗ ಜಾಹೀರಾತುಗಳಿಗೆ ಇಬ್ಬರು ಮಹಿಳೆಯರ ಹೆಸರಿನಲ್ಲಿ ಅದೇ ಪ್ರಯೋಗ ಮಾಡಿತು. ಹಿಂದೂ ಹೆಸರಿಗೆ 208 ಅನುಕೂಲಕರ ಉತ್ತರಗಳು ಬಂದರೆ, ಮುಸ್ಲಿಮ್ ಹೆಸರಿಗೆ ಬಂದದ್ದು 103. ಅರ್ಹತೆ ಒಂದೇ, ಹೆಸರು ಬೇರೆ. ವಿದೇಶದ ಪದವಿ ಈ ಗೋಡೆಯನ್ನು ಒಡೆದು ಬಿಡುತ್ತದೆ ಎಂದು ಭಾವಿಸಿದವರು ಅಂಬೇಡ್ಕರರ ಬದುಕನ್ನು ಓದಬೇಕು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದ ಅವರಿಗೆ ಆ ನಗರದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಗುರುತು ಮರೆಸಿ ಪಾರ್ಸಿ ವಸತಿಗೃಹವೊಂದರಲ್ಲಿದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಗಟ್ಟಿದರು.

ಇಂಥ ತಾರತಮ್ಯವನ್ನು ತಡೆಯುವ ಹೊಣೆ ಸರಕಾರದ್ದು. ಅದನ್ನು ಕೇಳುತ್ತಲೇ ಇರಬೇಕು. ಆದರೆ ತಾರತಮ್ಯ ಇದೆಯೆಂಬ ಕಾರಣಕ್ಕೆ ಸಿದ್ಧತೆಯಿಲ್ಲದೆ ಹೋಗುವುದಕ್ಕೆ ಸಮರ್ಥನೆಯಿಲ್ಲ. ಹೆಸರು ನೋಡಿ ಬದಿಗಿಡಲು ಹವಣಿಸುವವನಿಗೆ ನಮ್ಮ ಅಸ್ಪಷ್ಟ ಬಯೋಡಾಟಾ ಒಂದು ಅನುಕೂಲವನ್ನೇ ಒದಗಿಸುತ್ತದೆ. ಕೆಲಸದ ಮಾದರಿ, ಮಾರ್ಗದರ್ಶಕ ಪ್ರಾಧ್ಯಾಪಕರ ಪತ್ರ, ತರಬೇತಿ ಪಡೆದ ಸಂಸ್ಥೆಯ ದೃಢೀಕರಣ ಇವು ಕಡತದಲ್ಲಿದ್ದರೆ ತಿರಸ್ಕರಿಸುವವನು ಕಾರಣ ಹುಡುಕಬೇಕಾಗುತ್ತದೆ. ಈ ಪತ್ರಗಳನ್ನು ಆ ದೇಶ ಬಿಡುವ ಮೊದಲೇ ಪಡೆಯಬೇಕು. ಊರಿಗೆ ಬಂದು ವರ್ಷದ ಬಳಿಕ ಪ್ರಾಧ್ಯಾಪಕರಿಗೆ ಬರೆದರೆ ಅವರಿಗೆ ಮುಖ ನೆನಪಿರುವುದೂ ಕಷ್ಟ.

ಮದೀನಾದಲ್ಲೋ ಕೈರೋದ ಅಲ್ ಅಝ್‌ಹರ್‌ನಲ್ಲೋ ಓದಿ ಬಂದವರನ್ನೂ ಈ ಸಾಲಿಗೆ ಸೇರಿಸಬೇಕು. ಅವರ ಸನದಿಗೆ ಮಸೀದಿ, ಮದ್ರಸಗಳ ಹೊರಗೆ ಬೆಲೆಯಿಲ್ಲವೆಂದು ಅವರೂ ನಂಬಿದ್ದಾರೆ, ನಾವೂ ನಂಬಿದ್ದೇವೆ. ವರ್ಷಗಟ್ಟಲೆ ಅರಬಿಯಲ್ಲೇ ಓದಿ, ಬರೆದು, ವ್ಯವಹರಿಸಿದವರು ಅವರು. ಅರಬ್ ದೇಶಗಳಿಂದ ರೋಗಿಗಳು ಬರುವ ಬೆಂಗಳೂರಿನ ಆಸ್ಪತ್ರೆಗಳಿಗೆ, ಆ ದೇಶಗಳೊಂದಿಗೆ ವ್ಯಾಪಾರ ಮಾಡುವ ಸಂಸ್ಥೆಗಳಿಗೆ ದುಭಾಷಿಗಳು, ಅನುವಾದಕರು ಬೇಕು. ಎಷ್ಟು ಮಂದಿ ತಮ್ಮ ಅರಬಿಯನ್ನು ಉದ್ಯೋಗದ ಅರ್ಹತೆಯಾಗಿ ಕಾಗದದಲ್ಲಿ ಬರೆದಿದ್ದಾರೆ?

ನಮ್ಮವರೇ ನಡೆಸುವ ಶಾಲೆ, ಆಸ್ಪತ್ರೆ, ಉದ್ಯಮಗಳೂ ಕನ್ನಡಿ ನೋಡಿಕೊಳ್ಳಲಿ. ಅಲ್ಲಿ ಸಂದರ್ಶನವೆಂದರೆ 'ನೀನು ಯಾರ ಮಗ?' ಎಂಬ ಪ್ರಶ್ನೆ. ಕಲಿತದ್ದನ್ನು ಕೇಳುವವರಿಲ್ಲದಿದ್ದರೆ ಹೇಳುವ ಅಭ್ಯಾಸವಾದರೂ ಎಲ್ಲಿಂದ ಬರಬೇಕು? ಜಮಾಅತ್‌ನ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ, ಅನುಭವವುಳ್ಳ ನಾಲ್ವರು ಕುಳಿತು ಹೀಗೆ ಮರಳಿದ ಮಕ್ಕಳನ್ನು ಸಂದರ್ಶಿಸಿ ತಿದ್ದಲು ದೊಡ್ಡ ವೆಚ್ಚವೇನೂ ಬೇಕಿಲ್ಲ. ಸನ್ಮಾನ ಮಾಡಿ ಶಾಲು ಹೊದಿಸುವುದಕ್ಕಿಂತ ಅದು ಅಗ್ಗ.

ಹೆಣ್ಮಕ್ಕಳ ವಿಷಯ ಇನ್ನೂ ಸಂಕಟದ್ದು. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ, ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದು ದಾಖಲಿಸಿದ್ದಾನೆ. ಅದೇ ಕರಾವಳಿಯಿಂದ ಈಗ ಹುಡುಗಿಯರು ಕಡಲಾಚೆಯ ವಿಶ್ವವಿದ್ಯಾನಿಲಯಗಳಿಗೂ ಹೋಗುತ್ತಿದ್ದಾರೆ. ಮರಳಿ ಬಂದಾಗ ಅವರ ಮುಂದಿನ ಮೊದಲ ಸಂದರ್ಶನ ಮನೆಯ ನಡುಕೋಣೆಯಲ್ಲಿ ನಡೆಯುತ್ತದೆ. ವರನ ಕಡೆಯವರು ಪದವಿಯ ಹೆಸರು ಕೇಳಿ ತಲೆದೂಗುತ್ತಾರೆ, ಯಾವ ದೇಶ ಎಂದು ವಿಚಾರಿಸುತ್ತಾರೆ, 'ಮದುವೆಯ ನಂತರ ಕೆಲಸಕ್ಕೆ ಹೋಗುವುದೇನೂ ಬೇಡವಲ್ಲ?' ಎಂದು ಉಮ್ಮನಲ್ಲಿ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಬ್ಯಾಂಕಿನ ಸಾಲದ ಕಂತು ಮುಂದಿನ ತಿಂಗಳಿನಿಂದ ಆರಂಭವಾಗಲಿದೆ. ಆಕೆ ಎರಡು ವರ್ಷ ಪ್ರಯೋಗಾಲಯದಲ್ಲಿ ಏನು ಮಾಡಿದಳು ಎಂದು ಆ ಕೋಣೆಯಲ್ಲಿದ್ದವರಲ್ಲಿ ಯಾರೂ ಕೇಳಿಲ್ಲ, ಅವಳ ತಂದೆಯೂ.